ಮೈಕ್ರೋಸಾಫ್ಟ್ ಆಕ್ಸೆಸ್ ಡೇಟಾಬೇಸ್‌ನ ಫಾರ್ಮ್‌ನಲ್ಲಿ ಟೈಪ್ ಮಾಡಿದ ಕೋಡ್ ಟೇಬಲ್‌ನಲ್ಲಿ ಇದೆಯೇ ಎಂದು ಪರೀಕ್ಷಿಸುವುದು

ಪಟ್ಟಿ ಚಿಕ್ಕದಿದ್ದರೆ ಪ್ರೋಗ್ರಾಂ ಬರೆಯುವ ಗೋಜೇ ಬೇಡ: ಕಾಂಬೋ ಬಾಕ್ಸ್ (ಪಟ್ಟಿಯಿಂದ ಆರಿಸುವ ಬಾಕ್ಸ್) ಇಟ್ಟು, ‘ಲಿಮಿಟ್ ಟು ಲಿಸ್ಟ್’ ಅನ್ನು ‘ಯೆಸ್’ ಮಾಡಿದರೆ ಸಾಕು.

ಟೆಕ್ಸ್ಟ್ ಬಾಕ್ಸೇ ಬೇಕೆಂದರೆ ಅದರ ‘ಬಿಫೋರ್ ಅಪ್‌ಡೇಟ್’ ಈವೆಂಟ್‌ನಲ್ಲಿ ಡಿಕೌಂಟ್ (ಕೊಟ್ಟ ಷರತ್ತಿಗೆ ಹೊಂದುವ ದಾಖಲೆಗಳನ್ನು ಎಣಿಸುವ ಫಂಕ್ಷನ್) ಬಳಸಿ. ಎಣಿಕೆ 0 ಬಂದರೆ ಸಂದೇಶ ತೋರಿಸಿ, ಕ್ಯಾನ್ಸಲ್ ಅನ್ನು ಟ್ರೂ ಮಾಡಿ. ‘ಆಫ್ಟರ್ ಅಪ್‌ಡೇಟ್’ನಲ್ಲಿ ಬರೆದರೆ ಪ್ರಯೋಜನವಿಲ್ಲ, ಅಲ್ಲಿ ಕ್ಯಾನ್ಸಲ್ ಇರುವುದೇ ಇಲ್ಲ. ತಪ್ಪು ಕೋಡನ್ನು ಅಳಿಸಲು ಬಾಕ್ಸ್‌ಗೆ ಅಲ್ಲೇ ಖಾಲಿ ಮೌಲ್ಯ ಕೊಡಹೋದರೆ 2115 ಎರರ್ ಬರುತ್ತದೆ. ಅದರ ಬದಲು ಅನ್‌ಡೂ ಮಾಡಿ.

ಹೆಚ್ಚಿನವರು ಎಡವುವುದು ಡಿಕೌಂಟ್‌ಗೆ ಕೊಡುವ ಷರತ್ತಿನ ಉದ್ಧರಣ ಚಿಹ್ನೆಯಲ್ಲಿ. ಫೀಲ್ಡ್ ಟೆಕ್ಸ್ಟ್ ಆಗಿದ್ದರೆ ಮೌಲ್ಯದ ಎರಡೂ ಬದಿ ಒಂಟಿ ಉದ್ಧರಣ ಬೇಕು, ನಂಬರ್ ಆಗಿದ್ದರೆ ಬೇಡ. ಮೌಲ್ಯದೊಳಗೇ ಒಂಟಿ ಉದ್ಧರಣವಿದ್ದರೆ ರಿಪ್ಲೇಸ್ ಫಂಕ್ಷನ್‌ನಿಂದ ಅದನ್ನು ಎರಡಾಗಿಸಿ, ಇಲ್ಲವಾದರೆ ಷರತ್ತು ಅಲ್ಲೇ ಮುರಿಯುತ್ತದೆ. ಡಿಲುಕಪ್ (ಎಣಿಕೆಯ ಬದಲು ಸಿಕ್ಕ ಮೌಲ್ಯವನ್ನೇ ಕೊಡುವ ಫಂಕ್ಷನ್) ಬಳಸುವವರು ಫಲಿತಾಂಶವನ್ನು ವೇರಿಯಂಟ್ ಬಗೆಯ ವೇರಿಯಬಲ್‌ನಲ್ಲಿ ಹಿಡಿಯಿರಿ. ದಾಖಲೆ ಸಿಗದಿದ್ದಾಗ ನಲ್ (ಮೌಲ್ಯವೇ ಇಲ್ಲ ಎಂಬ ಗುರುತು) ಬಂದು, ಸ್ಟ್ರಿಂಗ್ ವೇರಿಯಬಲ್ 94 ಎರರ್ ಕೊಡುತ್ತದೆ.

ಬಾಕ್ಸನ್ನು ಮುಟ್ಟದೆ ಮುಂದೆ ಹೋದವರಿಗೆ ಬಾಕ್ಸ್‌ನ ‘ಬಿಫೋರ್ ಅಪ್‌ಡೇಟ್’ ಈವೆಂಟ್ ನಡೆಯುವುದೇ ಇಲ್ಲ. ಹಾಗಾಗಿ ಖಾಲಿ ಬಿಟ್ಟಿದ್ದಾರೆಯೇ ಎಂಬುದನ್ನು ಫಾರ್ಮ್‌ನದೇ ‘ಬಿಫೋರ್ ಅಪ್‌ಡೇಟ್’ನಲ್ಲಿ ನೋಡಿ. ಟೇಬಲ್‌ಗೆ ನೇರವಾಗಿ ಕೈಹಾಕುವವರನ್ನು ತಡೆಯುವುದು ಮಾತ್ರ ಎರಡು ಟೇಬಲ್‌ಗಳ ನಡುವಿನ ರಿಲೇಷನ್‌ಶಿಪ್; ಅದರಲ್ಲಿ ‘ಎನ್‌ಫೋರ್ಸ್ ರೆಫರೆನ್ಷಿಯಲ್ ಇಂಟೆಗ್ರಿಟಿ’ಗೆ ಟಿಕ್ ಹಾಕಿ, ಫೀಲ್ಡ್‌ನ ‘ರಿಕ್ವೈರ್ಡ್’ ಅನ್ನೂ ‘ಯೆಸ್’ ಮಾಡಿ.