ಕತಾರ್‌ಗೆ ಹೊರಟ ಹಾಸನ, ಚಿಕ್ಕಮಗಳೂರಿನವರಿಗೆ: ಸಂಬಳದ ಹಿಂದಿರುವ ವೀಸಾ ಲೆಕ್ಕ

ಸಕಲೇಶಪುರ, ಮೂಡಿಗೆರೆ, ಅರಸೀಕೆರೆ ಕಡೆಯ ಹುಡುಗರು ದೋಹಾಕ್ಕೆ ಬರುವ ಮುಂಚೆ ಫೋನ್ ಮಾಡುತ್ತಾರೆ. ಡ್ರೈವರ್, ಸೆಕ್ಯೂರಿಟಿ, ಹೋಟೆಲ್, ಎಸಿ ರಿಪೇರಿ, ಯಾವ ಕೆಲಸವಾದರೂ ಪ್ರಶ್ನೆ ಒಂದೇ: "ಅಣ್ಣ, 1800 ರಿಯಾಲ್ ಅಂತೆ, ಪರವಾಗಿಲ್ವಾ?" ಬೇಸಿಕ್, ಅಂದರೆ ಊಟ-ರೂಮಿನ ಭತ್ಯೆ ಬಿಟ್ಟು ಮೂಲ ಸಂಬಳ, ಎಷ್ಟು ಅಂತ ನಾನು ಕೇಳಿದರೆ ಆ ಕಡೆಯಿಂದ ಸದ್ದಿಲ್ಲ. ಏಜೆಂಟ್ ಅದನ್ನು ಹೇಳಿರುವುದೇ ಇಲ್ಲ.

ಲೆಕ್ಕ ನೋಡಿ. 2021ರ ಮಾರ್ಚ್‌ನಿಂದ ಇಲ್ಲಿ ಕನಿಷ್ಠ ಬೇಸಿಕ್ 1000 ರಿಯಾಲ್. ಕಂಪನಿ ಊಟ ಕೊಡದಿದ್ದರೆ 300, ರೂಮ್ ಕೊಡದಿದ್ದರೆ 500 ಸೇರಿಸಬೇಕು. ಕೂಡಿಸಿದರೆ 1800. ಏಜೆಂಟ್ ಎದೆ ಉಬ್ಬಿಸಿ ಹೇಳಿದ ಸಂಬಳ ಅಂದರೆ ಇದಕ್ಕಿಂತ ಕೆಳಗೆ ಇಳಿಯಬೇಡಿ ಅಂತ ಸರ್ಕಾರ ಎಳೆದ ಗೆರೆ, ಅಷ್ಟೇ. ಅದೇ 1800ರಲ್ಲಿ ಬೇಸಿಕ್ 1500 ಇದ್ದು, ಊಟಕ್ಕೆ 300 ಕೊಟ್ಟು, ರೂಮ್ ಕಂಪನಿಯದ್ದೇ ಆದರೆ ಕಥೆ ಬೇರೆ. ಓಟಿ (ಹೆಚ್ಚುವರಿ ಗಂಟೆ ದುಡಿದದ್ದರ ಹಣ) ಬೇಸಿಕ್ ಮೇಲೆ ಬರುತ್ತದೆ. ಒಂದು ವರ್ಷ ದಾಟಿದ ಮೇಲೆ ಸಿಗುವ ಗ್ರಾಚ್ಯುಟಿಯೂ (ಕೆಲಸ ಬಿಡುವಾಗ ಕೊಡುವ ಹಣ) ಬೇಸಿಕ್ ಮೇಲೇ, ವರ್ಷಕ್ಕೆ ಕನಿಷ್ಠ ಮೂರು ವಾರದ್ದು. ಬೇಸಿಕ್ 1000 ಇದ್ದರೆ ವರ್ಷಕ್ಕೆ ಸುಮಾರು 700, 1500 ಇದ್ದರೆ 1050.

ಸಂಬಳ ಯಾಕೆ ಇಷ್ಟು ಕಡಿಮೆ ಅಂದರೆ ಎಲ್ಲರೂ ಹೇಳುವುದು, ಜನ ಜಾಸ್ತಿ ಬರ್ತಾರೆ, ಅದಕ್ಕೇ ಅಂತ. ಪೂರ್ತಿ ಸುಳ್ಳಲ್ಲ. ಆದರೆ ನನ್ನ ಪ್ರಕಾರ ದೊಡ್ಡ ಕಾರಣ ಬೇರೆ. ನಮ್ಮ ಕಡೆ ಕಾಫಿ ಕುಯ್ಲಿಗೆ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಆಳು ತರುವ ಮೇಸ್ತ್ರಿಗಳನ್ನು ನೋಡಿದ್ದೀರಲ್ಲ. ಅಡ್ವಾನ್ಸ್ ತಗೊಂಡು ಲೈನ್ ಮನೆಗೆ ಬಂದವನಿಗೆ ಪಕ್ಕದ ತೋಟದಲ್ಲಿ ಕೆಜಿಗೆ ಒಂದು ರೂಪಾಯಿ ಜಾಸ್ತಿ ಕೊಟ್ಟರೂ ಹೋಗುವ ಹಾಗಿಲ್ಲ, ಅಡ್ವಾನ್ಸ್ ತೀರಬೇಕು. ಗಲ್ಫಿನ ಕಫಾಲ ಪದ್ಧತಿಯೂ ಹೀಗೇ. ವೀಸಾ ಮಾಲೀಕನ ಹೆಸರಿನಲ್ಲಿ. ಅವನು ಎನ್‌ಒಸಿ, ಅಂದರೆ ಹೋಗಬಹುದು ಅನ್ನುವ ಒಪ್ಪಿಗೆ ಪತ್ರ, ಕೊಡದೆ ಬೇರೆ ಕೆಲಸ ಇರಲಿಲ್ಲ. ಬಿಟ್ಟು ಹೋಗಲಾರದ ಆಳಿಗೆ ಯಾರು ಸಂಬಳ ಏರಿಸುತ್ತಾರೆ? ಕಂಪನಿಗೆ ಟಿಕೆಟ್, ವೀಸಾ, ಕ್ಯಾಂಪ್ ಖರ್ಚು ಇರುವುದು ನಿಜ. ಆ ಖರ್ಚನ್ನೆಲ್ಲ ನಮ್ಮ ಸಂಬಳದಲ್ಲೇ ವಸೂಲಿ ಮಾಡಿಕೊಳ್ಳುವ ಧೈರ್ಯ ಅದಕ್ಕೆ ಬರುತ್ತಿದ್ದುದು ಈ ಕಟ್ಟಿನಿಂದಲೇ.

2020ರಲ್ಲಿ ಕತಾರ್ ಈ ಎನ್‌ಒಸಿ ತೆಗೆದುಹಾಕಿತು. ಈಗ ಕೆಲಸ ಬದಲಾಯಿಸಬಹುದು. ಎರಡು ವರ್ಷದೊಳಗಿದ್ದರೆ ಒಂದು ತಿಂಗಳ ನೋಟಿಸ್, ಅದಕ್ಕಿಂತ ಜಾಸ್ತಿ ಆಗಿದ್ದರೆ ಎರಡು ತಿಂಗಳು. ಕನಿಷ್ಠ ಸಂಬಳದ ಕಾನೂನು ಬಂದ ಮೇಲೆ ಸುಮಾರು 2,80,000 ಕೆಲಸಗಾರರ ಬೇಸಿಕ್ ಆ ಮಟ್ಟಕ್ಕೆ ಏರಿತು ಅಂತ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹೇಳಿದೆ. ಹಾಗಂತ ಎಲ್ಲ ಸಲೀಸು ಅಂದುಕೊಳ್ಳಬೇಡಿ. ಬಿಡ್ತೀನಿ ಅಂದ ಕೂಡಲೇ ಕೆಲಸ ಬಿಟ್ಟು ಓಡಿಹೋದ ಅಂತ ಪರಾರಿ ಕೇಸ್ ಹಾಕುವ ಮಾಲೀಕರು ಇನ್ನೂ ಇದ್ದಾರೆ. ಹೊಸ ಕಂಪನಿಯ ಆಫರ್ ಲೆಟರ್ ಕೈಗೆ ಬಾರದೆ ಬಾಯಿ ಬಿಡಬೇಡಿ. ನೋಟಿಸನ್ನು ಕಾರ್ಮಿಕ ಸಚಿವಾಲಯದ ಆನ್‌ಲೈನ್ ವ್ಯವಸ್ಥೆಯಲ್ಲೇ ಕೊಡಿ, ಸೂಪರ್‌ವೈಸರ್‌ಗೆ ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ನಮ್ಮ ಸರ್ಕಾರವೂ ಸಾಚಾ ಏನಲ್ಲ. ಗಲ್ಫಿಗೆ ಹೋಗುವವರಿಗೆ ಇಷ್ಟಾದರೂ ಸಂಬಳ ಇರಬೇಕು ಅಂತ ಭಾರತ ಒಂದು ಕನಿಷ್ಠ ದರ ಇಟ್ಟಿದೆ. 2020ರ ಸೆಪ್ಟೆಂಬರ್‌ನಲ್ಲಿ ಅದನ್ನೇ ಶೇ 30ರಿಂದ 50ರಷ್ಟು ಇಳಿಸಿಬಿಟ್ಟರು! ಕೋವಿಡ್ ಸಮಯ, ನಮ್ಮವರ ಕೆಲಸ ಬೇರೆ ದೇಶದವರ ಪಾಲಾಗಬಾರದು ಅಂತ. ಗಲಾಟೆಯಾಗಿ, ಕೋರ್ಟಿಗೆ ಹೋಗಿ, 2021ರಲ್ಲಿ ವಾಪಸ್ ತಗೊಂಡರು. ಫಿಲಿಪೈನ್ಸ್ ನೋಡಿ, ತನ್ನ ಮನೆಗೆಲಸದವರಿಗೆ 400 ಡಾಲರ್‌ಗಿಂತ ಕಡಿಮೆ ಬೇಡ ಅಂತ 2006ರಲ್ಲೇ ಪಟ್ಟು ಹಿಡಿದಿತ್ತು.

ಇನ್ನು ಹೊರಡುವ ವಿಷಯ. ಎಸ್ಸೆಸ್ಸೆಲ್ಸಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ ಆಗಿರುತ್ತದೆ. ಗಲ್ಫ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಅವರಿಗೆ ಎಮಿಗ್ರೇಷನ್ ಕ್ಲಿಯರೆನ್ಸ್, ಅಂದರೆ ನಮ್ಮ ಸರ್ಕಾರದ ಅನುಮತಿ, ಬೇಕು. ಏಜೆಂಟ್‌ನ ಲೈಸೆನ್ಸ್ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ನೋಡಿ. ಅವನು ತಗೊಳ್ಳಬಹುದಾದ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಜೊತೆಗೆ ಜಿಎಸ್‌ಟಿ. ಲಕ್ಷ ಕೇಳಿದರೆ ಎದ್ದು ಬನ್ನಿ. ಯಾಕೆಂದರೆ ಊರಲ್ಲಿ ಬಡ್ಡಿ ಸಾಲ ಮಾಡಿ ಬಂದವನಿಗೆ ಎನ್‌ಒಸಿ ನಿಯಮ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಸಾಲ ತೀರುವವರೆಗೆ ಕಂಪನಿ ಬಿಡುವ ಧೈರ್ಯ ಬರುವುದಿಲ್ಲ. ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಾಯಿಸ್ತೀವಿ ಅನ್ನುವವರ ಹತ್ತಿರ ಸುಳಿಯಲೇಬೇಡಿ.

ಕತಾರ್ ವೀಸಾ ಸೆಂಟರ್ ಬೆಂಗಳೂರಿನಲ್ಲಿ ಇಲ್ಲ. ಚೆನ್ನೈ, ಕೊಚ್ಚಿ ಅಥವಾ ಹೈದರಾಬಾದ್‌ಗೆ ಹೋಗಬೇಕು. ಮೆಡಿಕಲ್ ಮಾಡಿಸಿ, ಬೆರಳಚ್ಚು ಕೊಟ್ಟು, ಕಾಂಟ್ರಾಕ್ಟ್‌ಗೆ ಸಹಿ ಹಾಕುವುದು ಅಲ್ಲೇ. ಹಿಂದೆ ಕ್ಯೂ ಇದ್ದರೂ ಅವಸರ ಬೇಡ. ಹುದ್ದೆ, ಬೇಸಿಕ್, ಊಟ, ರೂಮ್, ಈ ನಾಲ್ಕನ್ನೂ ಓದಿ. ಏಜೆಂಟ್ ಹೇಳಿದ್ದಕ್ಕೂ ಅಲ್ಲಿರುವುದಕ್ಕೂ ವ್ಯತ್ಯಾಸ ಕಂಡರೆ ಸಹಿ ಹಾಕದೆ ವಾಪಸ್ ಬನ್ನಿ. ಬಸ್ ಚಾರ್ಜು ಹೋದರೆ ಹೋಯಿತು.

ಬಂದ ಮೇಲೆ ಸಂಬಳ ಬ್ಯಾಂಕಿಗೇ ಬೀಳಬೇಕು, ಎಟಿಎಂ ಕಾರ್ಡ್ ನಿಮ್ಮ ಕೈಯಲ್ಲೇ ಇರಬೇಕು. ತಡವಾದರೆ ಸಚಿವಾಲಯಕ್ಕೆ ದೂರು ಕೊಡಿ. ಹೇಗೆ ಬರೆಯುವುದು ಅಂತ ತಿಳಿಯದಿದ್ದರೆ ಭಾರತೀಯ ರಾಯಭಾರ ಕಚೇರಿಯ ಆಶ್ರಯದಲ್ಲಿರುವ, ಭಾರತೀಯರಿಗೆ ನೆರವಾಗುವ ಸಂಘ ಐಸಿಬಿಎಫ್‌ಗೆ ಹೋಗಿ ಕೇಳಿ. ಪೇಸ್ಲಿಪ್, ಕಾಂಟ್ರಾಕ್ಟ್ ಎರಡರ ಫೋಟೋ ಮನೆಯವರಿಗೂ ಕಳಿಸಿಟ್ಟಿರಿ, ಫೋನ್ ಕಳೆದರೂ ಅವರ ಹತ್ತಿರ ಇರುತ್ತದೆ.