ಗಡ್ಡೆ ಹುಡುಕುವ ಪೆಪ್ಟೈಡ್: ಪ್ರಯೋಗಾಲಯದಲ್ಲಿ ನನ್ನ ಅನುಭವ

ನ್ಯೂರೊಎಂಡೊಕ್ರೈನ್ ಗಡ್ಡೆಗಳ (ಹಾರ್ಮೋನ್ ಸ್ರವಿಸುವಂಥ ಕೋಶಗಳಲ್ಲಿ ಹುಟ್ಟುವ ಗಡ್ಡೆಗಳ) ಕೋಶಗಳ ಮೇಲೆ ಸಾಮಾನ್ಯವಾಗಿ ಸೊಮಾಟೊಸ್ಟಾಟಿನ್ ಎಂಬ ಹಾರ್ಮೋನ್ ಬಂದು ಅಂಟುವ ರಿಸೆಪ್ಟರ್‌ಗಳು ಜಾಸ್ತಿ ಇರುತ್ತವೆ. ಅವುಗಳಿಗೆ ಹೋಗಿ ಅಂಟುವ ಪೆಪ್ಟೈಡ್ (ಅಮೈನೋ ಆಮ್ಲಗಳ ಚಿಕ್ಕ ಸರಪಳಿ) ತಯಾರಿಸುವುದು ನನ್ನ ಕೆಲಸ. ಅದಕ್ಕೆ ಗ್ಯಾಲಿಯಂ-68 ಎಂಬ ವಿಕಿರಣಶೀಲ ಲೋಹ ಸೇರಿಸಿದರೆ ಪೆಟ್ ಸ್ಕ್ಯಾನ್‌ನಲ್ಲಿ ಗಡ್ಡೆ ಕಾಣುತ್ತದೆ. ಇನ್ನೊಂದು ವಿಕಿರಣಶೀಲ ಲೋಹ ಲುಟೀಷಿಯಂ-177 ಸೇರಿಸಿದರೆ ಅದೇ ಚಿಕಿತ್ಸೆ. ಅದರ ಬೀಟಾ ಕಣಗಳು ಅಂಗಾಂಶದಲ್ಲಿ ಹೆಚ್ಚೆಂದರೆ ಸುಮಾರು 2 ಮಿಲಿಮೀಟರ್ ಸಾಗುತ್ತವೆ.

ನಮ್ಮ ದೇಹದ ಸೊಮಾಟೊಸ್ಟಾಟಿನ್ ರಕ್ತದಲ್ಲಿ ಕೆಲವೇ ನಿಮಿಷಗಳಲ್ಲಿ ಒಡೆದುಹೋಗುತ್ತದೆ. ಹಾಗಾಗಿ ಅದನ್ನು ಚಿಕ್ಕದು ಮಾಡಿ, ಕಿಣ್ವಗಳು ಸುಲಭವಾಗಿ ಕತ್ತರಿಸಲಾಗದ ಡಿ-ಅಮೈನೋ ಆಮ್ಲಗಳನ್ನು ಸೇರಿಸುತ್ತೇವೆ. ತುದಿಯಲ್ಲಿ ಲೋಹ ಹಿಡಿದಿಡಲು ಡೋಟಾ ಎಂಬ ಅಣು.

ಲೇಬಲಿಂಗ್ ದಿನ, ಅಂದರೆ ಪೆಪ್ಟೈಡ್‌ಗೆ ವಿಕಿರಣಶೀಲ ಲೋಹ ಸೇರಿಸುವ ದಿನ, ನಿಜಕ್ಕೂ ಓಟ. ಗ್ಯಾಲಿಯಂ-68ರ ಅರ್ಧಾಯುಷ್ಯ 68 ನಿಮಿಷ, ಅಂದರೆ ಅಷ್ಟರಲ್ಲಿ ಅದರ ವಿಕಿರಣ ಅರ್ಧಕ್ಕೆ ಇಳಿಯುತ್ತದೆ. ಪಿಎಚ್ 4ರ ಆಸುಪಾಸು, ಸುಮಾರು 95 ಡಿಗ್ರಿ ಸೆಲ್ಸಿಯಸ್ ಬಿಸಿ. ಕಬ್ಬಿಣ, ಸತುವು ಒಂಚೂರು ಬೆರೆತರೂ ಡೋಟಾದ ಜಾಗವನ್ನು ಅವೇ ಹಿಡಿದುಬಿಡುತ್ತವೆ. ಅದಕ್ಕೇ ನಾನು ಲೋಹದ ಚಮಚವನ್ನು ಹತ್ತಿರಕ್ಕೂ ತರುವುದಿಲ್ಲ.

ನಂತರ ಕೋಶಗಳ ಪರೀಕ್ಷೆ. ವಿಕಿರಣವಿಲ್ಲದ ಪೆಪ್ಟೈಡನ್ನು ಧಾರಾಳವಾಗಿ ಹಾಕಿ ರಿಸೆಪ್ಟರ್‌ಗಳನ್ನೆಲ್ಲ ತುಂಬಿಸುತ್ತೇನೆ. ಹಾಗೆ ತುಂಬಿಸಿದಾಗಲೂ ಲೇಬಲ್ ಮಾಡಿದ ಪೆಪ್ಟೈಡಿನಿಂದ ಕೋಶಗಳಲ್ಲಿ ವಿಕಿರಣ ಮೊದಲಿನಷ್ಟೇ ಇದ್ದರೆ, ಅದು ಸುಮ್ನೆ ಎಲ್ಲೆಲ್ಲೋ ಅಂಟಿದೆ ಎಂದರ್ಥ. ಈ ಪರೀಕ್ಷೆ ಇಲ್ಲದ ಫಲಿತಾಂಶವನ್ನು ನಾನು ನಂಬುವುದೇ ಇಲ್ಲ.

ಹಾಗಂತ ಬಿಗಿಯಾಗಿ ಅಂಟುವುದೇ ಎಲ್ಲವೂ ಅಲ್ಲ. 2012ರಲ್ಲಿ ಪ್ರಕಟವಾದ ಜೆಆರ್11 ಎಂಬ ಪೆಪ್ಟೈಡಿನ ಅಧ್ಯಯನ ನನ್ನ ಯೋಚನೆಯನ್ನೇ ಬದಲಿಸಿತು. ಜೆಆರ್11 ರಿಸೆಪ್ಟರನ್ನು ಪ್ರಚೋದಿಸದೆ ಅಂಟುವ ಆಂಟಗೊನಿಸ್ಟ್. ಗ್ಯಾಲಿಯಂ-ಡೋಟಾ-ಜೆಆರ್11ರ ಅಂಟುವ ಬಲ, ರಿಸೆಪ್ಟರನ್ನು ಪ್ರಚೋದಿಸುವ ಪೆಪ್ಟೈಡ್ ಆದ ಡೋಟಾಟೇಟ್‌ಗಿಂತ ಸುಮಾರು 150 ಪಟ್ಟು ಕಡಿಮೆ. ಆದರೂ ಇಲಿಗಳ ಗಡ್ಡೆಯಲ್ಲಿ ಅದೇ ಹೆಚ್ಚು ಸೇರಿತು! ಆಂಟಗೊನಿಸ್ಟ್‌ಗೆ ಕೂರಲು ಹೆಚ್ಚು ಜಾಗ ಸಿಗುತ್ತದೆ ಎಂಬುದು ಒಪ್ಪುವಂಥ ವಿವರಣೆ. ಅದೇ ಜೆಆರ್11ಕ್ಕೆ ಡೋಟಾ ಬದಲು ಲೋಹ ಹಿಡಿಯುವ ಇನ್ನೊಂದು ಅಣು ನೋಡಾಗಾ ಹಾಕಿದರೆ ಬಲ 20 ಪಟ್ಟಿಗೂ ಹೆಚ್ಚು ಏರುತ್ತದೆ. ಹಾಗಾಗಿ ಲೋಹ ಅಥವಾ ಅದನ್ನು ಹಿಡಿಯುವ ಭಾಗ ಬದಲಾದರೆ ನಾನು ಮತ್ತೆ ಮೊದಲಿಂದ ಅಳೆಯುತ್ತೇನೆ.

ದೇಹದ ಫಲಿತಾಂಶ ಬಂದಾಗ ಎಲ್ಲರ ಕಣ್ಣು ಗಡ್ಡೆಯ ಮೇಲೆ ಅಲ್ವಾ? ನಾನು ಮೊದಲು ಮೂತ್ರಪಿಂಡ ನೋಡುತ್ತೇನೆ. ಅಲ್ಲಿ ಸೋಸಿಹೋದ ಪೆಪ್ಟೈಡನ್ನು ಮೂತ್ರಪಿಂಡ ಮತ್ತೆ ಹೀರಿಕೊಳ್ಳುತ್ತದೆ, ಅದು ಅಲ್ಲೇ ಉಳಿಯುತ್ತದೆ, ಜೊತೆಗೆ ವಿಕಿರಣವೂ. ರೋಗಿಗಳಿಗೆ ಲುಟೀಷಿಯಂ-ಡೋಟಾಟೇಟ್ ಜೊತೆ ಲೈಸಿನ್, ಆರ್ಜಿನಿನ್ ಡ್ರಿಪ್ ಕೊಡುವುದು ಈ ಹೀರುವಿಕೆ ತಗ್ಗಿಸಲೆಂದೇ.

ಈಗ ನನ್ನ ಗಮನವೆಲ್ಲ ಲಿಂಕರ್ ಮೇಲೆ, ಅಂದರೆ ಪೆಪ್ಟೈಡನ್ನೂ ಲೋಹ ಹಿಡಿಯುವ ಭಾಗವನ್ನೂ ಜೋಡಿಸುವ ಕೊಂಡಿಯ ಮೇಲೆ. ಮೂತ್ರಪಿಂಡದ ಕಿಣ್ವ ಅದನ್ನು ಕತ್ತರಿಸಬೇಕು, ಲೋಹದ ತುಣುಕು ಮೂತ್ರದಲ್ಲಿ ಹೊರಹೋಗಬೇಕು. ಆದರೆ ರಕ್ತದಲ್ಲಿ ಲಿಂಕರ್ ತುಂಡಾಗಬಾರದು. ಮುಂದಿನ ಪರೀಕ್ಷೆ ಅದೇ: ಲಿಂಕರ್ ರಕ್ತದ ಸೀರಂನಲ್ಲಿ ಎಷ್ಟು ಹೊತ್ತು ಉಳಿಯುತ್ತದೆ ಎಂದು ನೋಡುವುದು.