ದಿನಸಿ ಅಂಗಡಿಯ ಹಣ ಕೈಯಲ್ಲಿ ನಿಲ್ಲುವಂತೆ ಮಾಡುವುದು ಹೇಗೆ

ತಾಲ್ಲೂಕು ಕೇಂದ್ರಗಳಲ್ಲಿ ಮತ್ತು ಬೆಂಗಳೂರಿನ ಬಡಾವಣೆಗಳಲ್ಲಿ ದಿನಸಿ ಅಂಗಡಿ ನಡೆಸುವ ಅನೇಕರು "ವ್ಯಾಪಾರಕ್ಕೇನೂ ಕೊರತೆಯಿಲ್ಲ, ತಿಂಗಳ ಕೊನೆಗೆ ಕೈಯಲ್ಲಿ ಕಾಸು ಮಾತ್ರ ಉಳಿಯುವುದಿಲ್ಲ" ಎನ್ನುತ್ತಾರೆ. ಈ ಮಾತಿನಲ್ಲಿ ಸುಳ್ಳಿಲ್ಲ. ಹಣ ಉದ್ರಿ ಪುಸ್ತಕದಲ್ಲಿ, ಒಳಕೋಣೆಯ ದಾಸ್ತಾನಿನಲ್ಲಿ ಮತ್ತು ಮನೆಯ ಖರ್ಚಿನಲ್ಲಿ ಹಂಚಿಹೋಗಿರುತ್ತದೆ. ಮಾರಾಟ ಹೆಚ್ಚಿಸುವ ಉಪಾಯ ಹುಡುಕುವ ಮೊದಲು ಅಲ್ಲಿ ಸಿಕ್ಕಿಕೊಂಡ ಹಣವನ್ನು ಬಿಡಿಸಿಕೊಳ್ಳುವುದು ಮೇಲು. ಇಲ್ಲವಾದರೆ ಮಾರಾಟದ ಜೊತೆಗೇ ಉದ್ರಿಯೂ ದಾಸ್ತಾನೂ ಬೆಳೆಯುತ್ತವೆ.

ಕೆಲಸವನ್ನು ಗಲ್ಲಾಪೆಟ್ಟಿಗೆಯಿಂದ ಆರಂಭಿಸಬೇಕು. ಬೆಳಿಗ್ಗೆ ಚಿಲ್ಲರೆ ಸೇರಿ ಇಟ್ಟ ಮೊತ್ತ, ದಿನದ ನಗದು ಮಾರಾಟ, ಯುಪಿಐ ಮೂಲಕ ಬಂದದ್ದು, ಹೊಸದಾಗಿ ಕೊಟ್ಟ ಉದ್ರಿ, ಹಳೆಯ ಉದ್ರಿಯಿಂದ ವಸೂಲಾದದ್ದು, ಮಾಲಿಗೆ ಕೊಟ್ಟದ್ದು, ಮನೆಗೆ ತೆಗೆದದ್ದು ಇವಿಷ್ಟನ್ನು ಬಾಗಿಲು ಹಾಕುವ ಮೊದಲು ಒಂದೇ ಪುಟದಲ್ಲಿ ಬರೆದು, ಪೆಟ್ಟಿಗೆಯಲ್ಲಿರುವ ನಗದಿನೊಂದಿಗೆ ತಾಳೆ ನೋಡಬೇಕು. ಹೆಚ್ಚಿನವರು ತಪ್ಪಿಸುವುದು ಕೊನೆಯ ಬಾಬತ್ತನ್ನು. ಮಗುವಿನ ಶಾಲಾ ಶುಲ್ಕ, ನೆಂಟರು ಬಂದಾಗಿನ ಖರ್ಚು, ಕಪಾಟಿನಿಂದಲೇ ಅಡುಗೆಮನೆಗೆ ಹೋದ ಎಣ್ಣೆ ಪ್ಯಾಕೆಟ್ಟು ಯಾವುದೂ ಲೆಕ್ಕಕ್ಕೆ ಬಾರದೆ ಹೋದರೆ, ಅಂಗಡಿ ಲಾಭದಲ್ಲಿದೆಯೋ ನಷ್ಟದಲ್ಲಿದೆಯೋ ತಿಳಿಯುವ ದಾರಿಯೇ ಇರುವುದಿಲ್ಲ. ಮಾಲೀಕರು ತಮಗೆ ತಿಂಗಳಿಗೆ ಇಷ್ಟು ಎಂದು ಸಂಬಳ ಗೊತ್ತು ಮಾಡಿಕೊಂಡು, ಮನೆಗೆ ಒಯ್ದ ಸಾಮಾನನ್ನು ಕೊಂಡ ಬೆಲೆಗೆ ಅದರಲ್ಲಿಯೇ ಹಿಡಿಯುವುದು ಉತ್ತಮ.

ಕೌಂಟರಿನ ಮೇಲಿನ ಕ್ಯೂಆರ್ ಕೋಡ್ ಅಂಗಡಿಯದೇ ಆದ ಪ್ರತ್ಯೇಕ ಖಾತೆಗೆ ಸೇರಿರಬೇಕು. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಜಮೆಗಳ ಆಧಾರದ ಮೇಲೆ ಬೇಕರಿ, ಕಾಂಡಿಮೆಂಟ್ಸ್ ಮುಂತಾದ ಸಣ್ಣ ವರ್ತಕರಿಗೆ ನೋಟಿಸ್ ಕೊಟ್ಟಾಗ ಹಲವರು ಗಾಬರಿಯಾಗಿ ಕ್ಯೂಆರ್ ಕೋಡನ್ನೇ ತೆಗೆದುಹಾಕಿದರು. ಅದು ಪರಿಹಾರವಲ್ಲ. ತಮ್ಮನಿಂದ ಬಂದ ಕೈಗಡ, ಚೀಟಿ ಹಣ, ಮಾರಾಟದ ಹಣ ಒಂದೇ ಖಾತೆಯಲ್ಲಿ ಬೆರೆತಿದ್ದರೆ ಇದು ವ್ಯಾಪಾರದ್ದಲ್ಲ ಎಂದು ತೋರಿಸುವುದು ಕಷ್ಟ. ಖಾತೆ ಬೇರೆಯಿದ್ದರೆ ಆ ಪ್ರಶ್ನೆಯೇ ಏಳುವುದಿಲ್ಲ. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ, ಮತ್ತು ತೆರಿಗೆಯಿಲ್ಲದ ಹಾಲು, ಬಿಡಿ ಅಕ್ಕಿಯ ಮಾರಾಟವೂ ಈ ಮಿತಿಯ ಲೆಕ್ಕಕ್ಕೆ ಸೇರುತ್ತದೆ ಎಂಬುದನ್ನು ಮರೆಯಬಾರದು. ವಹಿವಾಟು 1.5 ಕೋಟಿಯೊಳಗಿದ್ದರೆ ರಾಜಿ ತೆರಿಗೆ ಪದ್ಧತಿಯಲ್ಲಿ, ಅಂದರೆ ಕಾಂಪೋಸಿಷನ್ ಸ್ಕೀಮ್‌ನಲ್ಲಿ, ತೆರಿಗೆಗೊಳಪಡುವ ಮಾರಾಟದ ಮೇಲೆ ಶೇ. 1ರಷ್ಟನ್ನು ಮೂರು ತಿಂಗಳಿಗೊಮ್ಮೆ ಕಟ್ಟಿದರೆ ಸಾಕು. ಆದರೆ ಆ ತೆರಿಗೆಯನ್ನು ಗಿರಾಕಿಯಿಂದ ಪ್ರತ್ಯೇಕವಾಗಿ ವಸೂಲು ಮಾಡುವಂತಿಲ್ಲ, ಕೊಂಡ ಮಾಲಿಗೆ ಕಟ್ಟಿದ ತೆರಿಗೆಯನ್ನು ಹಿಂಪಡೆಯುವಂತೆಯೂ ಇಲ್ಲ.

ಇನ್ನು ಉದ್ರಿ. "ಇಂದು ನಗದು, ನಾಳೆ ಉದ್ರಿ" ಎಂಬ ಫಲಕವನ್ನು ತೂಗುಹಾಕಿದವರೂ ಅದರ ಕೆಳಗೇ ನಿಂತು ಉದ್ರಿ ಬರೆಯುತ್ತಿರುತ್ತಾರೆ, ಮತ್ತು ಬರೆಯದೆ ವಿಧಿಯೂ ಇಲ್ಲ. ಸೂಪರ್ ಮಾರ್ಕೆಟ್ಟಾಗಲಿ, ಹತ್ತು ನಿಮಿಷದಲ್ಲಿ ತಲುಪಿಸುವ ಆ್ಯಪ್ ಆಗಲಿ ಗಿರಾಕಿಯ ಮುಖ ನೋಡಿ ತಿಂಗಳ ಸಾಮಾನು ಕೊಡುವುದಿಲ್ಲ. ಗಲ್ಲಿಯ ಅಂಗಡಿಗೆ ಇರುವ ದೊಡ್ಡ ಬಲವೇ ಇದು. ಆದರೆ ಅದರ ಬೆಲೆ ಎಷ್ಟೆಂದು ಗೊತ್ತಿರಬೇಕು. ನೂರು ರೂಪಾಯಿ ಮಾರಾಟಕ್ಕೆ ಹತ್ತು ರೂಪಾಯಿ ಉಳಿಯುವ ಅಂಗಡಿಯಲ್ಲಿ ಸಾವಿರ ರೂಪಾಯಿಯ ಉದ್ರಿ ಮುಳುಗಿತೆಂದರೆ ಅಂಗಡಿಯವರ ಕೈಯಿಂದ ಹೋದದ್ದು ಮಾಲಿನ ಅಸಲು 900 ರೂಪಾಯಿ, ಮತ್ತು ಅದನ್ನು ತುಂಬಿಕೊಳ್ಳಲು ಇನ್ನೂ 9,000 ರೂಪಾಯಿಯ ಮಾರಾಟ ನಡೆಯಬೇಕು. ಬಾಡಿಗೆ, ಕರೆಂಟು ಬಿಲ್ಲು ಹಿಡಿದರೆ ಇನ್ನೂ ಹೆಚ್ಚು.

ಆದ್ದರಿಂದ ಒಂದೊಂದು ಮನೆಗೂ ಪ್ರತ್ಯೇಕ ಪುಟವಿಟ್ಟು, ಅದರ ತಲೆಯಲ್ಲಿ ಎರಡು ಸಂಗತಿಗಳನ್ನು ಬರೆದಿಡಬೇಕು: ಎಷ್ಟರವರೆಗೆ ಕೊಡಬಹುದು, ಅವರಿಗೆ ಹಣ ಬರುವುದು ಯಾವಾಗ. ಗಾರ್ಮೆಂಟ್ಸ್‌ಗೆ ಹೋಗುವವರಿಗೆ ತಿಂಗಳ ಮೊದಲ ಹತ್ತು ದಿನಗಳಲ್ಲಿ ಸಂಬಳ ಬರುತ್ತದೆ, ಗಾರೆ ಕೆಲಸದವರಿಗೆ ಶನಿವಾರ ಬಟವಾಡೆ, ರೈತರಿಗೆ ತೊಗರಿಯೋ ಮೆಣಸಿನಕಾಯಿಯೋ ಮಂಡಿಯಲ್ಲಿ ಮಾರಾಟವಾದ ಮೇಲೆ. ಇಪ್ಪತ್ತೈದನೆಯ ತಾರೀಖಿಗೆ ಸಂಬಳದಾರರನ್ನು ಕೇಳಿದರೆ ಮನಸ್ಸು ಕೆಡುತ್ತದೆಯೇ ಹೊರತು ಹಣ ಬರುವುದಿಲ್ಲ. "ಅಮ್ಮ ಬರ್ಕೊಳ್ಳೋಕೆ ಹೇಳಿದ್ರು" ಎಂದು ಹುಡುಗನೊಬ್ಬ ಬಂದು ಸಕ್ಕರೆ, ಚಹಾಪುಡಿ ಒಯ್ದರೆ, ಸಾಮಾನಿನ ಹೆಸರು ಮತ್ತು ಒಟ್ಟು ಬಾಕಿಯನ್ನು ಅಂದೇ ಸಂಜೆ ಆ ತಾಯಿಗೆ ವಾಟ್ಸಾಪ್‌ನಲ್ಲಿ ಕಳಿಸಬೇಕು. ತಿಂಗಳ ಕೊನೆಯ "ನಾವು ಇಷ್ಟು ತಗೊಂಡೇ ಇಲ್ಲ" ಎಂಬ ತಕರಾರು ಬಹುಮಟ್ಟಿಗೆ ಇದರಿಂದಲೇ ನಿಲ್ಲುತ್ತದೆ. ಮಿತಿ ಮುಟ್ಟಿದಾಗ ಸಾಮಾನನ್ನು ಕಟ್ಟಿದ ಮೇಲೆ ತಡವರಿಸುವ ಬದಲು, ಚೀಟಿ ಕೈಗೆ ಬಂದ ಕೂಡಲೇ "ಅಕ್ಕಾ, ಹಳೇದು ಹದಿನೆಂಟು ನೂರು ಆಗಿದೆ, ಐನೂರಾದರೂ ಕೊಟ್ಟು ತಗೊಂಡು ಹೋಗಿ" ಎಂದು ಮೆಲುದನಿಯಲ್ಲಿ ಹೇಳಬೇಕು. ಬೇರೆ ಗಿರಾಕಿಗಳ ಎದುರಿಗೆ ಕೇಳಿದರೆ ಬಾಕಿಯೂ ಬಾರದು, ಗಿರಾಕಿಯೂ ಬಾರರು.

ದಾಸ್ತಾನಿನ ವಿಷಯದಲ್ಲಿ ದಾರಿ ತಪ್ಪಿಸುವುದು ಕಂಪನಿಗಳ ಸ್ಕೀಮು. ಹನ್ನೆರಡು ಪೆಟ್ಟಿಗೆ ಕೊಂಡರೆ ಒಂದು ಪುಕ್ಕಟೆ ಎಂದು ಸೇಲ್ಸ್‌ಮನ್ ಹೇಳುತ್ತಾರೆ, ಅಂಗಡಿಯಲ್ಲಿ ಆ ಮಾಲು ತಿಂಗಳಿಗೆ ಖರ್ಚಾಗುವುದು ಎರಡೇ ಪೆಟ್ಟಿಗೆ ಎಂದಿಟ್ಟುಕೊಳ್ಳೋಣ. ಹದಿಮೂರು ಪೆಟ್ಟಿಗೆ ಮುಗಿಯಲು ಆರೂವರೆ ತಿಂಗಳು ಬೇಕು. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯ ಕೈಸಾಲ ತಂದು ಕೊಂಡಿದ್ದರೆ, ಮಾರಿದ ಹಾಗೆಲ್ಲ ಅಸಲು ತೀರಿಸುತ್ತ ಬಂದರೂ, ತಿಂಗಳಿಗೆ ಎರಡೆರಡೇ ಕೊಳ್ಳುವುದಕ್ಕಿಂತ ಹೆಚ್ಚಾಗಿ ತೆತ್ತ ಬಡ್ಡಿಯೇ ಸುಮಾರು ಒಂದು ಪೆಟ್ಟಿಗೆಯ ಬೆಲೆಯಾಗುತ್ತದೆ. ಪುಕ್ಕಟೆ ಬಂದದ್ದು ಬಡ್ಡಿಗೆ ಸರಿಹೋಯಿತು. ಇಲಿ ಕಡಿದದ್ದು, ಅವಧಿ ಮೀರಿದ್ದು ನಷ್ಟವಾಗಿ ಉಳಿಯಿತು. ಅದೇ ಮಾಲು ತಿಂಗಳೊಳಗೆ ಖಾಲಿಯಾಗುವುದಾದರೆ ಸ್ಕೀಮನ್ನು ಬಿಡಬಾರದು. 2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್ತು, ಸೋಪು, ಶಾಂಪೂಗಳ ಮೇಲಿನ ಜಿಎಸ್‌ಟಿ ಶೇ. 18ರಿಂದ ಶೇ. 5ಕ್ಕೆ ಇಳಿದಾಗ ಹಳೆಯ ದರದ ಮಾಲನ್ನು ರಾಶಿ ಹಾಕಿಕೊಂಡಿದ್ದವರಿಗೆ ತಲೆನೋವು ಹೆಚ್ಚಾಗಿತ್ತು.

ರಟ್ಟಿನ ಪೆಟ್ಟಿಗೆಯ ಮೇಲೆ ಮಾಲು ಬಂದ ತಿಂಗಳನ್ನು ಮಾರ್ಕರ್‌ನಿಂದ ದಪ್ಪಕ್ಷರದಲ್ಲಿ ಬರೆದು, ಹೊಸ ಮಾಲನ್ನು ಹಿಂದಕ್ಕೂ ಹಳೆಯದನ್ನು ಮುಂದಕ್ಕೂ ಇಡುವುದು, ವಾರಕ್ಕೆ ಒಂದೇ ಕಪಾಟಿನಂತೆ ಎಣಿಸುವುದು, ಅವಧಿ ಮೀರಿದ್ದನ್ನು ವಾಪಸು ಪಡೆಯುವ ಮಾತನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳುವುದು ಇಷ್ಟು ಸಾಕು. ಬೇಳೆಯ ಬೆಲೆ ಏರುತ್ತದೆಂದು ವರ್ಷದ ದಾಸ್ತಾನು ಮಾಡುವುದು ಮಂಡಿ ವರ್ತಕರ ಆಟ. ಮಳೆಗಾಲದಲ್ಲಿ ಹುಳ ಬೀಳುವ ಬೇಳೆಯನ್ನು ನೆಚ್ಚಿ ಚಿಲ್ಲರೆ ಅಂಗಡಿಯವರು ಅದಕ್ಕೆ ಇಳಿಯಬಾರದು.

ಇಷ್ಟರ ಮೇಲೂ ಬಂಡವಾಳ ಸಾಲದಿದ್ದರೆ ಕೈಸಾಲಕ್ಕಿಂತ ಸಣ್ಣ ವ್ಯಾಪಾರಿಗಳಿಗೆ ಬ್ಯಾಂಕು ಕೊಡುವ ಮುದ್ರಾ ಸಾಲ ವಾಸಿ. ಶಿಶು ವರ್ಗದಲ್ಲಿ 50,000 ರೂಪಾಯಿವರೆಗೆ, ಕಿಶೋರ್‌ನಲ್ಲಿ 5 ಲಕ್ಷದವರೆಗೆ ಅಡಮಾನವಿಲ್ಲದೆ ಸಾಲ ದೊರೆಯುತ್ತದೆ. ಅಂಗಡಿಯನ್ನು ಸಣ್ಣ ಉದ್ದಿಮೆಯೆಂದು ಗುರುತಿಸುವ ಉದ್ಯಮ್ ನೋಂದಣಿಯನ್ನು ಸರ್ಕಾರದ ಜಾಲತಾಣದಲ್ಲಿ ಪುಕ್ಕಟೆಯಾಗಿ ಮಾಡಿಸಬಹುದಾದ್ದರಿಂದ ಅದಕ್ಕೆ ಮಧ್ಯವರ್ತಿಗಳಿಗೆ ದುಡ್ಡು ಕೊಡಬೇಕಾಗಿಲ್ಲ. ಅರ್ಜಿಯ ಜೊತೆಗೆ ಅಂಗಡಿಯ ಖಾತೆಯ ಕಳೆದ ತಿಂಗಳುಗಳ ವಿವರವನ್ನೂ ದಿನದ ಲೆಕ್ಕದ ಪುಸ್ತಕವನ್ನೂ ಒಯ್ದರೆ, ಸಾಲ ಎಷ್ಟು ಬೇಕು, ತಿಂಗಳಿಗೆ ಎಷ್ಟು ಕಂತು ಕಟ್ಟಲು ಸಾಧ್ಯ ಎಂಬ ಮ್ಯಾನೇಜರರ ಪ್ರಶ್ನೆಗಳಿಗೆ ಅಂದಾಜಿನ ಬದಲು ಅಂಕಿಗಳನ್ನೇ ತೋರಿಸಬಹುದು.